ಮದ್ದು ಮರೆತವನು

ನವೆಂಬರ್ 26, ಬುಧವಾರ

ಕುಂಬಳಕಾಯಿ ಪೈ ಒಲೆಯಲ್ಲಿದೆ. ಅದು ಬೇಯುವಷ್ಟರಲ್ಲಿ ಕೋವಿಗೆ ಎಣ್ಣೆ ಒರೆಸಿದೆ. ತಿಂಗಳಿಗೊಮ್ಮೆ ಒರೆಸುತ್ತೇನೆ. ಹಾರ್ಲನ್ ತೀರಿಕೊಂಡ ಮೇಲೂ ಬಿಟ್ಟಿಲ್ಲ. ಗಂಡನ ಸಮಾಧಿಗೆ ಹೂ ಇಡುವವರಿದ್ದಾರೆ. ನಾನು ಅವನ ನಳಿಗೆಗೆ ಎಣ್ಣೆ ಹಾಕುತ್ತೇನೆ.

ಕೋವಿಯ ನಡು ಮಡಿಚಿ ಬಿಚ್ಚಿದೆ. ಹಿಂದಿನ ಬಿರಡೆ ಕೈಯಲ್ಲೇ ತಿರುಗಿಸಿದರೆ ಬರುತ್ತದೆ. ಕೊಂಡ ದಿನ ಅದನ್ನೇ ಎಷ್ಟು ಸಲ ತೋರಿಸಿದ್ದ... ಬಿರಡೆ ತೆಗೆದರೆ ನಳಿಗೆಯ ಆಚೆ ತುದಿಯಲ್ಲಿ ಕಿಟಕಿ ಕಾಣುತ್ತದೆ, ಕಿಟಕಿಯಲ್ಲಿ ಸೇಬಿನ ಮರ. ತುಕ್ಕು ಹಿಡಿಯದ ಉಕ್ಕು, ಮೇಲೆ ದುರ್ಬೀನು, ಹೆಬ್ಬೆರಳು ತೂರಿಸಲು ಹಿಡಿಯಲ್ಲೊಂದು ಕಿಂಡಿ. ಮದ್ದಿಗೆ ಕಿಡಿ ಕೊಡುವ ಕೇಪು ಒಳಗೆ ಮುಚ್ಚಿಕೊಂಡು ಕೂರುತ್ತದೆ, ಮಳೆ ಬಂದರೂ ನೆನೆಯುವುದಿಲ್ಲ. ಪಕ್ಕದ ಮನೆಯ ಎಮ್ಮೆಟ್ ಇದನ್ನು ಪ್ಲಾಸ್ಟಿಕ್ ಆಟಿಕೆ ಎನ್ನುತ್ತಾನೆ. ಅವನದು ಅಜ್ಜನ ಕಾಲದ್ದು, ಚಕಮಕಿ ಕಲ್ಲಿನದು. ಮಳೆ ಬಂದರೆ ಅವನ ಮದ್ದೂ ಒದ್ದೆ, ಮುಖವೂ ಒದ್ದೆ. ಆದರೆ ಎಷ್ಟು ಹೊಸದಾದರೂ ಇದಕ್ಕೂ ಮದ್ದು ತುಂಬುವುದು ಮೂತಿಯಿಂದಲೇ. ಒಂದೇ ಈಡು. ತಪ್ಪಿದರೆ ತಪ್ಪಿತು.

ಮದ್ದು ಒತ್ತುವ ಗಜದ ಮೇಲೆ ನನ್ನ ಉಗುರುಬಣ್ಣದ ಕೆಂಪು ಗೆರೆ ಹಾಗೇ ಇದೆ. ಮದ್ದು, ಗುಂಡು ಎರಡೂ ಕೂತರೆ ಗೆರೆ ಮೂತಿಯ ಸಮಕ್ಕೆ ನಿಲ್ಲಬೇಕು. ಮದ್ದಿಲ್ಲದಿದ್ದರೆ ಗೆರೆ ಒಳಗೆ ಮುಳುಗುತ್ತದೆ. ಕುರುಡನಿಗೂ ಗೊತ್ತಾಗುತ್ತದೆ.

"ಗೆರೆ ಸರಿಯಾಗೇ ಇತ್ತು, ಓಪಲ್." ಕೊನೆಯವರೆಗೂ ಅದನ್ನೇ ಹೇಳಿದ. ಯಾರೂ ನಂಬಲಿಲ್ಲ. ಎರಡು ಚಳಿಗಾಲದ ಹಿಂದೆ, ಹತ್ತು ಕವಲು ಕೊಂಬಿನ ಗಂಡು ಜಿಂಕೆ ಎದುರಿಗೆ ನಿಂತಿದ್ದಾಗ ಟುಸ್ ಎಂದು ಕೇಪು ಮಾತ್ರ ಸಿಡಿಯಿತು. ಗುಂಡು ನಳಿಗೆಯ ಅರ್ಧದಲ್ಲೇ ನಿಂತಿತು. ಮದ್ದು ಹಾಕುವುದನ್ನೇ ಮರೆತಿದ್ದಾನೆ ಎಂದು ಬೇಟೆಯ ಬಿಡಾರವೆಲ್ಲ ನಕ್ಕಿತು. ಗುರಿ ತಪ್ಪಿದವನ ಅಂಗಿಯ ಹಿಂದಿನ ಚುಂಗು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿಯ ಪದ್ಧತಿ. ಕತ್ತರಿಸಿದವನು ಅವನ ತಮ್ಮ ವರ್ಜಿಲ್. ಚುಂಗಿನ ಮೇಲೆ 'ಮದ್ದು ಮರೆತವನು' ಎಂದು ಬರೆದವನೂ ಅವನೇ.

ಅಷ್ಟಕ್ಕೇ ಬಿಟ್ಟಿದ್ದರೆ ಸರಿ. ಒಂದು ತಿಂಗಳೊಳಗೆ, ಅಣ್ಣನ ತಲೆ ಸರಿಯಿಲ್ಲ ಅತ್ತಿಗೆ, ಟ್ರಕ್ಕಿನ ಕೀ ತೆಗೆದಿಡು ಎಂದ. ನಾನು ತೆಗೆದಿಡದಿದ್ದಾಗ ತಾನೇ ತೆಗೆದುಕೊಂಡು ಹೋದ. ಹಾರ್ಲನ್ ಆಮೇಲೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡ. ಮಾತು ಕಡಿಮೆ ಮಾಡಿದ. ಒಮ್ಮೆ ನನ್ನನ್ನು ಅವನ ತಾಯಿಯ ಹೆಸರಿನಿಂದ ಕರೆದ. ಜ್ವರ ಇತ್ತು. ಕಳೆದ ಏಪ್ರಿಲ್‌ನಲ್ಲಿ ಹೋದ.

ಪೈ ಸೀಯುವ ವಾಸನೆ.

ನವೆಂಬರ್ 27. ಥ್ಯಾಂಕ್ಸ್‌ಗಿವಿಂಗ್, ಸಂಜೆ

ಕೋಟು ಇನ್ನೂ ಬಿಚ್ಚಿಲ್ಲ. ಮೊದಲು ಇದನ್ನು ಬರೆಯುತ್ತೇನೆ.

ಊಟ ವರ್ಜಿಲ್‌ನ ಮನೆಯಲ್ಲಿ. ಟರ್ಕಿ ಕೋಳಿ ಒಣಗಿತ್ತು. ಅವನ ಮಗಳು ಟ್ವೈಲಾ ನನ್ನ ಪಕ್ಕ ಕೂತಿದ್ದಳು. ಬಿಡಾರದ ಹಳೆಯ ಕೀಟಲೆಗಳ ಮಾತು ಬಂತು. ವರ್ಜಿಲ್ ಯಾವಾಗಿನಂತೆ ಜೇಬಿನಿಂದ ಜ್ಯೇಷ್ಠಮಧುವಿನ ಕರಿ ಮಿಠಾಯಿ ತೆಗೆದು ಬಾಯಿಗೆ ಹಾಕಿಕೊಂಡ. ಬಳಪದಂಥ ಕಡ್ಡಿ, ನಡುವೆ ತೂತು. ಜಗಿಯುತ್ತಲೇ ಹೇಳಿದ:

"ಒಂದ್ಸಲ ಇದನ್ನೇ ಕತ್ತರಿಸಿ ಹಾರ್ಲನ್‌ನ ಮದ್ದಿನ ಟ್ಯೂಬಿಗೆ ತುಂಬಿಟ್ಟಿದ್ದೆ. ಮದ್ದಿನ ಗುಳಿಗೆ ಥರಾನೇ ಅಲ್ವಾ? ತೂತೂ ಇದೆ, ನೋಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾವಾಗ ಎಂದು ಕೇಳಲಿಲ್ಲ. ಕೇಳುವುದೇನಿದೆ?

ನವೆಂಬರ್ 28, ಬೆಳಿಗ್ಗೆ

ಎಲ್ಲ ಕೂಡಿಬಂತು. ಎರಡು ವರ್ಷ ಎದುರಿಗೇ ಇತ್ತು, ಕಾಣಲಿಲ್ಲ.

ಆ ಟ್ಯೂಬುಗಳನ್ನು ತುಂಬಿದವಳು ನಾನು. ಬೆರಳುದ್ದದ ಪ್ಲಾಸ್ಟಿಕ್, ನಡುವೆ ತಡೆ, ಎರಡು ತುದಿಗೂ ಮುಚ್ಚಳ. ಒಂದು ಕಡೆ ಮದ್ದಿನ ಎರಡು ಗುಳಿಗೆ, ಇನ್ನೊಂದು ಕಡೆ ಗುಂಡು. ಹಿಮದಲ್ಲಿ ಬಿದ್ದರೆ ಕಾಣಲಿ ಎಂದು ಮುಚ್ಚಳಕ್ಕೆ ಉಗುರುಬಣ್ಣದ ಚುಕ್ಕೆ. ಮೂರು ಕೊಟ್ಟು ಕಳಿಸಿದ್ದೆ. ತುಂಬಿದ್ದು ಎರಡು ವಾಪಸು ಬಂದವು. ಮೂರನೆಯದು ಬರಲೇ ಇಲ್ಲ. ಮದ್ದು ಹಾಕಲು ಮರೆತಿದ್ದರೆ ಮದ್ದು ಆ ಟ್ಯೂಬಿನಲ್ಲೇ ಇರಬೇಕಲ್ಲ, ತೋರಿಸಿ ಎಂದು ಅವತ್ತೇ ಕೇಳಿದ್ದೆ. ವರ್ಜಿಲ್ ನೆಲ ನೋಡಿದ್ದ. ಮಿಠಾಯಿ ಮೆತ್ತಿದ ಟ್ಯೂಬನ್ನು ಯಾರು ತಾನೇ ತೋರಿಸುತ್ತಾರೆ?

ಗೆರೆ ಸರಿಯಿತ್ತು ಎಂದದ್ದೂ ನಿಜ. ಮದ್ದಿನ ಜಾಗದಲ್ಲಿ ಮಿಠಾಯಿ ಇದ್ದರೆ ಗಜ ಮುಳುಗುವುದಿಲ್ಲ.

ಇನ್ನೊಂದು. ಅವತ್ತು ಹಾರ್ಲನ್‌ನ ಕೋವಿಯನ್ನು ತೊಳೆದು ತಂದವನು ವರ್ಜಿಲ್. ತನ್ನ ಕೋವಿಯನ್ನು ವಾರಗಟ್ಟಲೆ ಮಸಿ ಹಿಡಿಸಿಕೊಂಡು ಇಡುವ ಸೋಮಾರಿ. ಅಣ್ಣನ ಕೋವಿಯನ್ನು ಮಾತ್ರ ಸಂಜೆಯೊಳಗೆ ಬಿಸಿನೀರಲ್ಲಿ ತೊಳೆದ. ಎಂಥ ಪ್ರೀತಿ ಎಂದುಕೊಂಡಿದ್ದೆ... ಪ್ರೀತಿಯಂತೆ.

ಒಂದು ಕೀಟಲೆಗೆ ಗಂಡಸಿನ ತಲೆಯನ್ನೇ ಕಿತ್ತುಕೊಂಡ. ಕೀಟಲೆ ಎಂದು ಒಂದು ಮಾತು ಹೇಳಿದ್ದರೆ ಹಾರ್ಲನ್ ಕೊನೆಯವರೆಗೂ ತಾನೇ ಟ್ರಕ್ ಓಡಿಸಿಕೊಂಡಿರುತ್ತಿದ್ದ.

ನನಗೆ ವರ್ಜಿಲ್ ಸಾಯುವುದು ಬೇಡ. ನೂರು ವರ್ಷ ಬದುಕಲಿ. ಪ್ರತಿ ಬೆಳಿಗ್ಗೆ ಎದ್ದು ತನ್ನ ತಲೆ ಸರಿಯಿದೆಯೇ ಎಂದು ತನ್ನನ್ನೇ ಕೇಳಿಕೊಳ್ಳಲಿ.

ಡಿಸೆಂಬರ್ 14, ಭಾನುವಾರ

ಚರ್ಚಿನಿಂದ ಬರುತ್ತಾ ಅಂಗಡಿಯಲ್ಲಿ ಜ್ಯೇಷ್ಠಮಧು ಮಿಠಾಯಿ ಕೊಂಡೆ. ಅಂಗಡಿಯವಳು, ವರ್ಜಿಲ್‌ಗಾ ಎಂದಳು. ಹೌದು, ವರ್ಜಿಲ್‌ಗೇ ಎಂದೆ.

ಮದ್ದಿನ ಗುಳಿಗೆಯ ಪಕ್ಕ ಇಟ್ಟು ಕತ್ತರಿಸಿದೆ. ಮೊದಲು ಉದ್ದವಾಯಿತು. ಆಮೇಲೆ ಸರಿಯಾಯಿತು. ಬೂದಿಯಲ್ಲಿ ಹೊರಳಿಸಿದರೆ ಹೊಳಪೂ ಹೋಗುತ್ತದೆ. ಹಾರ್ಲನ್‌ನ ಕೋವಿಗೆ ಇಳಿಸಿ ನೋಡಿದೆ. ಗೆರೆ ಮೂತಿಯ ಸಮಕ್ಕೆ ಬಂದು ನಿಂತಿತು.

ಒಬ್ಬಳೇ ಅಡುಗೆಮನೆಯಲ್ಲಿ ಜೋರಾಗಿ ಅತ್ತೆ. ಗೆರೆ ಸರಿಯಾಗೇ ಇತ್ತು, ಹಾರ್ಲನ್.

ಡಿಸೆಂಬರ್ 20

ವರ್ಜಿಲ್‌ಗೆ ಫೋನ್ ಮಾಡಿದೆ. ಜನವರಿಯ ಬೇಟೆಗೆ ನಾನೂ ಬಿಡಾರಕ್ಕೆ ಬರುತ್ತೇನೆ, ಅಡುಗೆ ನನ್ನದು ಎಂದೆ. "ಬಾ ಅತ್ತಿಗೆ. ಅಣ್ಣನ ಮಂಚ ಹಾಗೇ ಇದೆ." ದನಿ ತೊಯ್ದಿತ್ತು. ನಾಟಕ ಚೆನ್ನಾಗಿ ಕಲಿತಿದ್ದಾನೆ.

ಜನವರಿ 2, ಶುಕ್ರವಾರ. ಬಿಡಾರ

ರಕೂನ್ ಹಳ್ಳದ ಮೇಲಿನ ಅದೇ ಹಲಗೆಮನೆ. ಒಹಾಯೊದ ಗುಡ್ಡಗಳೆಲ್ಲ ಬೋಳು, ನೆಲದಲ್ಲಿ ಹಿಮ. ವರ್ಜಿಲ್, ಟ್ವೈಲಾ, ಎಮ್ಮೆಟ್, ನಾನು.

ಒಳಗೆ ಕಾಲಿಟ್ಟ ಕೂಡಲೇ ಗೋಡೆ ಕಂಡಿತು. ಚುಂಗುಗಳ ಸಾಲು. ಕೊನೆಯದು ನೀಲಿ ಚೌಕಳಿ. ಆ ಅಂಗಿಯ ಗುಂಡಿ ಹೊಲಿದವಳು ನಾನು. ಅದರ ಕೆಳಗಿನ ಗೂಟದಲ್ಲಿ ಹಾರ್ಲನ್‌ನ ಕಿತ್ತಳೆ ಬಣ್ಣದ, ತೋಳಿಲ್ಲದ ಬೇಟೆಕವಚ. ಅವತ್ತು ಬಿಚ್ಚಿ ಹಾಕಿದ್ದು. ಆಮೇಲೆ ಅವನು ಇಲ್ಲಿಗೆ ಬರಲೇ ಇಲ್ಲ. ಮುಟ್ಟಲಾಗಲಿಲ್ಲ.

ಜಿಂಕೆ ಮಾಂಸದ ಸಾರು, ಜೋಳದ ರೊಟ್ಟಿ. ವರ್ಜಿಲ್ ಎರಡೆರಡು ಸಲ ಹಾಕಿಸಿಕೊಂಡ. ತಿಂದು ಸೌದೆ ತರಲು ಹೋದ. ಅವನ ಕೋಟು ಬಾಗಿಲ ಬಳಿ. ಟ್ವೈಲಾ ಪಾತ್ರೆ ತೊಳೆಯುತ್ತಿದ್ದಳು, ಎಮ್ಮೆಟ್ ಆಗಲೇ ಗೊರಕೆ.

ಅದರ ಜೇಬಿನ ಮೂರು ಟ್ಯೂಬಿಗೂ ಮಿಠಾಯಿ. ಮದ್ದು ನನ್ನ ಏಪ್ರನ್ ಜೇಬಿಗೆ. ಒಂದಕ್ಕೆ ಮಾತ್ರ ಹಾಕಿ ಎರಡು ಬಿಡಬಹುದಿತ್ತು. ಆದರೆ ಗುಂಡು ಅರ್ಧ ನಳಿಗೆಯಲ್ಲಿ ಸಿಕ್ಕಿರುವಾಗ ಅವಸರದಲ್ಲಿ ಮೇಲೆ ನಿಜವಾದ ಮದ್ದು ಸುರಿದರೆ ನಳಿಗೆ ಸಿಡಿದು ಮುಖ ಹೋಗುತ್ತದೆ. ನನಗೆ ಅವನ ಮುಖ ಬೇಕು. ಆ ಹೊತ್ತಿನ ಮುಖ ನೋಡಬೇಕು.

ಜನವರಿ 3, ಶನಿವಾರ

ಮುಂಜಾವಿನ ಕತ್ತಲೆಯಲ್ಲಿ ಈಡು ತುಂಬಿದ. ಕಿಟಕಿಯಿಂದ ನೋಡಿದೆ. ಸುರಿದ, ಗುಂಡು ಇಟ್ಟ, ಗಜ ಹಾಕಿ ಒತ್ತಿದ. ಬಗ್ಗಿ ಗುರುತು ನೋಡಿದ. ಒಪ್ಪಿಕೊಂಡು ತಲೆಯಾಡಿಸಿದ. ನನಗೂ ತಲೆಯಾಡಿಸುವ ಮನಸ್ಸಾಯಿತು.

ಇಡೀ ದಿನ ಏನೂ ಬರಲಿಲ್ಲ. ಎರಡು ಮರಿ ಹೆಣ್ಣು ಜಿಂಕೆ ಬಂದವಂತೆ, ಬಿಟ್ಟನಂತೆ. ಸಂಜೆ ಕೇಪು ತೆಗೆದು ಕೋವಿಯನ್ನು ಜಗಲಿಯಲ್ಲಿ ಒರಗಿಸಿದ. ಒಳಗೆ ತಂದರೆ ಬಿಸಿಗೆ ಬೆವತು ಮದ್ದು ಕೆಡುತ್ತದೆ ಎಂದು ಎಲ್ಲರ ಕೋವಿಯೂ ಹೊರಗೇ. ಮದ್ದಂತೆ! ಅಲ್ಲಿ ಚಳಿಯಲ್ಲಿ ಮಿಠಾಯಿ ಕೂತಿದೆ.

ಜನವರಿ 4, ಭಾನುವಾರ

ಇವತ್ತೂ ಇಲ್ಲ. ಕಾಯುವುದು ಕಷ್ಟ. ಅವನಿಗಲ್ಲ, ನನಗೆ.

ನನ್ನ ಮಂಚದ ಬಳಿ ಗಾಳಿ ಬರುತ್ತದೆ ಎಂದು ವರ್ಜಿಲ್ ಕಿಟಕಿಗೆ ಚಿಂದಿ ತುರುಕಿದ. ಬೆಳಿಗ್ಗೆ ನಾನು ಏಳುವ ಮೊದಲು ಒಲೆ ಹಚ್ಚಿ ಕಾಫಿ ಇಟ್ಟಿದ್ದ. ಹಾರ್ಲನ್‌ನ ಜೊತೆ ಚಿಕ್ಕಂದಿನಲ್ಲಿ ಹಳ್ಳದಲ್ಲಿ ಬಿದ್ದ ಕಥೆ ಹೇಳಿದ. ಎಮ್ಮೆಟ್ ನಕ್ಕು ಕೆಮ್ಮಿದ. ನನಗೂ ನಗು ಬಂತು, ನುಂಗಿದೆ.

ಮನಸ್ಸು ಕರಗುವ ಹಾಗಾದಾಗ ಗೋಡೆ ನೋಡುತ್ತೇನೆ. ನೀಲಿ ಚೌಕಳಿ.

ಜನವರಿ 5, ಸೋಮವಾರ. ಬೆಳಿಗ್ಗೆ ಹತ್ತು

ಆಯಿತು.

ಟ್ವೈಲಾ ಅವನ ಜೊತೆ ಮರದ ಮೇಲಿನ ಅಟ್ಟಣೆಯಲ್ಲಿದ್ದಳು. ಅವಳೇ ಹೇಳಿದ್ದು. ದೊಡ್ಡ ಗಂಡು, ಅಗಲ ಕೊಂಬು, ಅಡ್ಡ ನಿಂತಿತ್ತು. ಅಪ್ಪ ಉಸಿರು ಹಿಡಿದು ಕೋವಿಯ ಕುದುರೆ ಎಳೆದ. ಟುಸ್. ಜಿಂಕೆ ಕಿವಿ ತಿರುಗಿಸಿತು. ಬಾಲ ಎತ್ತಿತು. ಹೋಯಿತು.

ಬಿಡಾರಕ್ಕೆ ಬಂದಾಗ ಅವನ ಮುಖ... ಬಯಸಿದ್ದು ಸಿಕ್ಕಿತು ನನಗೆ. ಪೂರ್ತಿ ಸಿಕ್ಕಿತು.

ಕೋಟು ಒದ್ದೆಯಾಗಿದೆ, ಕೊಡು ಎಂದು ಈಸಿಕೊಂಡು ಒಲೆಯ ಬಳಿ ಹರವಿದೆ. ಜೇಬಿನ ಮಿಠಾಯಿ ಟ್ಯೂಬು ಎರಡು ತೆಗೆದು ಮದ್ದಿನವು ಎರಡು ಇಟ್ಟೆ. ಖಾಲಿಯದರ ಬದಲು ಇನ್ನೊಂದು: ಗುಂಡಿನ ಕಡೆ ಖಾಲಿ, ಮದ್ದಿನ ಕಡೆ ಎರಡೂ ಗುಳಿಗೆ ಭದ್ರ. ಆಮೇಲೆ ಕೋವಿ ನಾನೇ ತೊಳೆಯುತ್ತೇನೆ ಎಂದೆ. ಬಿರಡೆ ತಿರುಗಿಸಿದರೆ ಸುಟ್ಟ ಬೆಲ್ಲದ ವಾಸನೆ. ಸಿಕ್ಕಿದ್ದ ಗುಂಡನ್ನು ಗಜದಿಂದ ತಳ್ಳಿ ಹೊರಗೆ ಹಾಕಿ, ಬಿಸಿನೀರು ಹಾಕಿ ಹಾಕಿ ತಿಕ್ಕಿದೆ.

ಎಮ್ಮೆಟ್ ಕೋಟಿನ ಜೇಬು ತಡಕಿ ಟ್ಯೂಬು ಎತ್ತಿ ಬೆಳಕಿಗೆ ಹಿಡಿದ. "ಮದ್ದು ಇಲ್ಲೇ ಇದೆಯಲ್ಲೋ ಮಾರಾಯ. ಜಿಂಕೇನ ಹೆದರಿಸಿ ಸಾಯಿಸೋಣ ಅಂತಿದ್ಯಾ?"

ವರ್ಜಿಲ್ ಟ್ಯೂಬನ್ನೇ ನೋಡುತ್ತಾ ನಿಂತ. "ನಾನು ಸುರಿದೆ. ಗುರುತು ಸರಿಯಾಗೇ ಇತ್ತು."

ಅದೇ ಮಾತು. ಯಾರೂ ನಂಬಲಿಲ್ಲ. ಅವನು ಹೇಳುವುದು ನಿಜ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಕತ್ತರಿ ನಾನೇ ತಂದೆ. ಚುಂಗು ನಾನೇ ಕತ್ತರಿಸಿದೆ. ಏನು ಬರೆಯಲಿ ಎಂದು ಕೇಳಿ, ಅವನು ಹಾರ್ಲನ್‌ಗೆ ಬರೆದದ್ದನ್ನೇ ಬರೆದೆ. ಮೊಳೆ ಹೊಡೆಯುವಾಗ ಟ್ವೈಲಾ ನಗಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು. ಎರಡು ವರ್ಷದ ಹಿಂದೆ ನಾನು ಹಾರ್ಲನ್‌ನನ್ನು ನೋಡಿದ ಹಾಗೆ.

ಒಳ್ಳೆಯದೇ ಆಯಿತು. ನೋಡಲಿ.

ಅದೇ ದಿನ, ಮಧ್ಯಾಹ್ನ

ಟ್ವೈಲಾ, ಎಮ್ಮೆಟ್ ಇಬ್ಬರೂ ಹೊರಗೆ ಹೋದರು. ವರ್ಜಿಲ್ ಹೋಗಲಿಲ್ಲ. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಬಂದು ಎದುರಿಗೆ ಕೂತ. ಕೈ ಮೇಜಿನ ಮೇಲಿಟ್ಟ, ಮತ್ತೆ ತೆಗೆದ.

"ಶುರು ಆಗೋದು ಹೀಗೇನಾ, ಅತ್ತಿಗೆ? ಅಣ್ಣಂಗೆ ಹೀಗೇ ಶುರು ಆಯ್ತಾ?"

ಆ ವಾಕ್ಯಕ್ಕೆ ಉತ್ತರ ಸಿದ್ಧವಿಟ್ಟುಕೊಂಡಿದ್ದೆ. ನವೆಂಬರ್‌ನಿಂದ. "ನಮ್ಮ ವಯಸ್ಸಿನಲ್ಲಿ ಆಗುತ್ತೆ ವರ್ಜಿಲ್. ಟ್ರಕ್ ಕೀ ಟ್ವೈಲಾ ಕೈಗೆ ಕೊಟ್ಬಿಡು." ನನ್ನ ಗಂಡನ ಬಗ್ಗೆ ಅವನು ಹೇಳಿದ ಮಾತು, ಅದೇ ಮೆತ್ತಗಿನ ದನಿಯಲ್ಲಿ.

ತಲೆಯಾಡಿಸಿದ. ಕಣ್ಣು ಒರೆಸಿಕೊಂಡ. ಆಮೇಲೆ ಹೇಳಲು ಶುರು ಮಾಡಿದ. ಕೇಳಬಾರದಿತ್ತು.

ಮಿಠಾಯಿಯ ಕೀಟಲೆ ಟ್ವೈಲಾ ಹುಟ್ಟುವ ಮೊದಲಿನದಂತೆ. ಹಾರ್ಲನ್ ತುಂಬುವಾಗಲೇ ಹಿಡಿದುಬಿಟ್ಟನಂತೆ. ಅದನ್ನೇ ಜಗಿಯುತ್ತಾ ಬಂದು ತಮ್ಮನ ಬೂಟಿಗೆ ಸಾರು ಸುರಿದನಂತೆ. ಅವತ್ತಿನಿಂದ ಪ್ರತಿ ಟ್ಯೂಬನ್ನೂ ಕಿವಿಯ ಬಳಿ ಅಲ್ಲಾಡಿಸಿ, ಮೂಸಿ ನೋಡದೆ ತುಂಬಿದವನಲ್ಲವಂತೆ.

"ಅಂಥವನು ಮರೆತಿದ್ದ. ನಾನು ಅಟ್ಟಣೆ ಹತ್ತಿದಾಗ ಕೋವಿ ತೊಡೆ ಮೇಲಿಟ್ಕೊಂಡು ಅಳ್ತಿದ್ದ. ನೀನು ಯಾರು ಅಂದ ನನ್ನ. ಅಪ್ಪ ಎಲ್ಲಿ ಅಂದ. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ. ಕೆಳಗೆ ಬಂದು ಚುಂಗು ಕತ್ತರಿಸಿದೆ. ಎಲ್ರೂ ನಕ್ಬಿಟ್ರೆ ಬರೀ ತಪ್ಪಿದ ಈಡು ಆಗುತ್ತಲ್ಲ ಅಂತ."

ಸುಳ್ಳು. ಅಷ್ಟು ವರ್ಷದ ಹಿಂದಿನ ಕೀಟಲೆಯನ್ನು ಥ್ಯಾಂಕ್ಸ್‌ಗಿವಿಂಗ್ ದಿನ ಯಾರು ಹೇಳುತ್ತಾರೆ?

ಎಲ್ಲರೂ ಹೇಳುತ್ತಾರೆ. ಅವತ್ತು ಎಲ್ಲರೂ ಹೇಳುತ್ತಿದ್ದದ್ದು ಅಂಥವನ್ನೇ.

ಆದರೂ ಸುಳ್ಳು. ಟ್ಯೂಬು ಎಲ್ಲಿ ಹಾಗಾದರೆ? ಮೂರನೆಯ ಟ್ಯೂಬು ಎಲ್ಲಿ?

ಆಲೂಗಡ್ಡೆ ಪಾತ್ರೆ ತುಂಬಿ ಹೋಗಿತ್ತು. ಅಷ್ಟೊಂದು ಯಾಕೆ ಸುಲಿದೆಯೋ.

ಜನವರಿ 6

ಬೇಟೆ ಮುಗಿಯಿತು. ಯಾರಿಗೂ ಏನೂ ಸಿಗಲಿಲ್ಲ. ಹೊರಡುವಾಗ ವರ್ಜಿಲ್ ಗೋಡೆಯಿಂದ ನೀಲಿ ಚುಂಗು ಕಿತ್ತು ಮಡಿಸಿ ಕೈಗಿಟ್ಟ. ಗೂಟದ ಬೇಟೆಕವಚವನ್ನೂ ಕೊಟ್ಟ. ತನ್ನ ಚುಂಗನ್ನು ಹಾಗೇ ಬಿಟ್ಟ. ಟ್ರಕ್ ಟ್ವೈಲಾ ಓಡಿಸಿದಳು. ಅವನು ಪಕ್ಕದ ಸೀಟಿನಲ್ಲಿ, ಕೈ ಮಡಿಲಲ್ಲಿಟ್ಟುಕೊಂಡು.

ಜನವರಿ 9, ಶುಕ್ರವಾರ

ಮೂರು ದಿನ ಕವಚವನ್ನು ಕುರ್ಚಿಯ ಮೇಲಿಂದ ಎತ್ತಲಿಲ್ಲ. ಇವತ್ತು ಒಗೆಯೋಣ ಎಂದು ಎತ್ತಿದೆ. ಬೆನ್ನಿನ ಕಡೆ ಹಕ್ಕಿ ಹಾಕಿಕೊಳ್ಳುವ ದೊಡ್ಡ ಚೀಲವಿದೆ. ಮೂಲೆಯಲ್ಲಿ ಹೊಲಿಗೆ ಬಿಚ್ಚಿತ್ತು. ಒಳಗೆ ಏನೋ ಗಟ್ಟಿ.

ಉಗುರುಬಣ್ಣದ ಚುಕ್ಕೆ.

ಗುಂಡಿನ ಕಡೆ ಖಾಲಿ. ಮದ್ದಿನ ಕಡೆ ಮುಚ್ಚಳ ತೆಗೆದಿಲ್ಲ. ನಾನು ಹಾಕಿದ ಎರಡು ಗುಳಿಗೆ, ನಾನು ಹಾಕಿದ ಹಾಗೆಯೇ.

ಮೂಸಿದೆ. ಮದ್ದು. ಮಿಠಾಯಿಯಲ್ಲ.

ವರ್ಜಿಲ್‌ನ ಜೇಬಿನಲ್ಲಿ ನಾನು ಇಟ್ಟ ಸುಳ್ಳು ಹೇಗಿತ್ತೋ ಹಾಗೇ ಇದೆ. ಕೂದಲೆಳೆಯಷ್ಟೂ ಬೇರೆಯಿಲ್ಲ. ಹಾರ್ಲನ್ ಗೆರೆ ನೋಡಿರಲಿಲ್ಲ. ನೋಡಿದೆ ಎಂದುಕೊಂಡಿದ್ದ. ನನ್ನನ್ನು ತಾಯಿಯ ಹೆಸರಿನಿಂದ ಕರೆದ ದಿನ ಜ್ವರ ಇರಲಿಲ್ಲ.

ಹಾರ್ಲನ್, ನಿನ್ನ ಮೇಲೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಜನವರಿ 11, ಭಾನುವಾರ. ಚರ್ಚ್ ಆದ ಮೇಲೆ

ಹೋಗಲಿಲ್ಲ ಚರ್ಚಿಗೆ. ಟ್ವೈಲಾ ಅಲ್ಲಿಂದಲೇ ಫೋನ್ ಮಾಡಿದಳು. ಅಪ್ಪ ಊಟ ಬಿಟ್ಟಿದ್ದಾನಂತೆ. ಒಲೆ ಆರಿಸಿದೆಯಾ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಾನಂತೆ. ಬಾಗಿಲ ಚಿಲಕ, ಮತ್ತೆ ಒಲೆ. ಮಂಗಳವಾರ ಡಾಕ್ಟರ ಹತ್ತಿರ. ಬೇಟೆಯ ನೆಲವನ್ನೂ ಮಾರಿಬಿಡೋಣ ಎನ್ನುತ್ತಾನಂತೆ. ಈಗ ಕೋವಿಯನ್ನೂ ಕೀಗಳನ್ನೂ ನನ್ನ ಕೈಗೆ ಕೊಡಲು ಬರುತ್ತಿದ್ದಾನಂತೆ. ಮಗಳಿಗೆ ಕೊಡಲು ನಾಚಿಕೆ. "ಅತ್ತಿಗೆಗೆ ಇದೆಲ್ಲ ಗೊತ್ತು. ಅವಳು ಏನೂ ಕೇಳಲ್ಲ" ಎಂದನಂತೆ.

ಬಯಸಿದ್ದು ಇದೇ ಅಲ್ಲವೇ. ಅಕ್ಷರ ಬಿಡದೆ ಇದೇ.

ಮೇಜಿನ ಮೇಲೆ ಒಂದು ಕಡೆ ಹಾರ್ಲನ್‌ನ ಟ್ಯೂಬು. ಇನ್ನೊಂದು ಕಡೆ ವರ್ಜಿಲ್‌ನಿಂದ ತೆಗೆದವು, ಒಳಗೆ ಮಿಠಾಯಿ. ಮಿಠಾಯಿಯವನ್ನು ತೋರಿಸಿದರೆ ಅವನ ತಲೆ ಅವನಿಗೆ ವಾಪಸು. ಆದರೆ ಯಾಕೆ ಮಾಡಿದೆ ಎಂದು ಹೇಳಬೇಕು. ಹೇಳಿದರೆ ಹಾರ್ಲನ್‌ನ ಟ್ಯೂಬನ್ನೂ ತೋರಿಸಬೇಕು. ಮದ್ದು ಮರೆತವನು ಹಾರ್ಲನ್ನೇ, ಇನ್ನು ಯಾವತ್ತಿಗೂ. ತೋರಿಸದಿದ್ದರೆ... ಡ್ರಾಯರ್ ದೊಡ್ಡದು. ಎಲ್ಲ ಹಿಡಿಸುತ್ತದೆ.

ಟ್ರಕ್ ಬಂತು. ಟ್ವೈಲಾ ಓಡಿಸುತ್ತಿದ್ದಾಳೆ. ಅವನು ಇಳಿದ. ಕಂಕುಳಲ್ಲಿ ಕೋವಿಯ ಪೆಟ್ಟಿಗೆ. ಟ್ರಕ್ಕಿನ ಬಾಗಿಲು ಹಾಕಿದ. ಎರಡು ಹೆಜ್ಜೆ ಬಂದು ತಿರುಗಿ ಹೋಗಿ, ಹಾಕಿದ್ದೇನೆಯೇ ಎಂದು ಎಳೆದು ನೋಡಿದ.

ಮೆಟ್ಟಿಲು ಹತ್ತುತ್ತಿದ್ದಾನೆ. ಡ್ರಾಯರ್ ತೆರೆದೇ ಇದೆ. ಬಾಗಿಲು ತಟ್ಟಿದ. ನಾನು ಈಗ...